ಕಿಡಿಯಣ್ಣ ಕಾರಿನ ಹೊಸ್ತಿಲಿಗೆ ತೇಪೆ ಹಾಕಿದ್ದು

ಗೇಟು ಮಾಡುವವನು ಗೇಟು ಮಾಡಿಕೊಂಡಿರಬೇಕು. ಇದು ಕಿಡಿಯಣ್ಣನ ಹೆಂಡತಿಯ ಖಚಿತ ಅಭಿಪ್ರಾಯ. ಇಪ್ಪತ್ತಾರು ವರ್ಷ ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಬೆಸೆದುಕೊಂಡು ಯಾರ ಬಾಯಿಗೂ ಬೀಳದೆ ಬದುಕಿದ್ದ ಮನುಷ್ಯ ಒಂದು ದಿನ ಹೋಗಿ ಪ್ರಮಾಣಪತ್ರ ತಂದ. ಅಂದಿಗೆ ಮನೆಯ ನೆಮ್ಮದಿ ಮುಗಿಯಿತು.

ವೆಲ್ಡಿಂಗಿನ ಕಿಡಿಯಿಂದಾಗಿ ಅವನಿಗೆ ಆ ಹೆಸರು ಬಂತು ಎಂದು ಹೊರಗಿನವರು ತಿಳಿದಿದ್ದರು. ಬೀದಿಯವರಿಗೆ ನಿಜ ಗೊತ್ತಿತ್ತು. ಅಳತೆ ಸರಿಯಿಲ್ಲ ಎಂದವರ ಮೇಲೆ ಅವನು ಹಾರುತ್ತಿದ್ದ. ಅಳತೆ ಸರಿಯಿದೆ ಎಂದು ಸ್ವಲ್ಪ ಅನುಮಾನದ ದನಿಯಲ್ಲಿ ಹೇಳಿದವರ ಮೇಲೂ ಹಾರುತ್ತಿದ್ದ. ಏನೂ ಹೇಳದೆ ಸುಮ್ಮನೆ ನಿಂತು ನೋಡಿದವರಿಗಂತೂ ಉಳಿಗಾಲವೇ ಇರಲಿಲ್ಲ. ಆದರೆ ಅವನು ಬೆಸೆದ ಗೇಟಿನ ಮೇಲೆ ಲಾರಿ ನುಗ್ಗಿದರೂ ಬೆಸುಗೆ ಬಿಡುತ್ತಿರಲಿಲ್ಲ. ಅದಕ್ಕೇ ಜನ ಬೈಸಿಕೊಂಡೂ ಬರುತ್ತಿದ್ದರು.

ಪ್ರಮಾಣಪತ್ರ ಕೊಟ್ಟವರು ವೆಲ್ಡಿಂಗ್ ಕಡ್ಡಿ ಮಾರುವ ಒಂದು ಕಂಪನಿಯವರು. ಹೊಸ ಕಾಲದ ಕಾರುಗಳಿಗೆ ವೆಲ್ಡಿಂಗ್ ಮಾಡುವುದು ಹೇಗೆ ಎಂದು ಒಂದು ದಿನದ ಪಾಠ ಇಟ್ಟಿದ್ದರು. ಬೆಳಗ್ಗೆ ವೆಲ್ಡಿಂಗಿಗೆ ಮುಂಚೆ ಏನು ಮಾಡಬೇಕು, ಮಧ್ಯಾಹ್ನ ವೆಲ್ಡಿಂಗ್ ಆದಮೇಲೆ ಏನು ಮಾಡಬೇಕು. ನಡುವೆ ಊಟವಿತ್ತು, ಪುಕ್ಕಟೆ. ಬೆಳಗಿನ ಪಾಠವನ್ನು ಕಿಡಿಯಣ್ಣ ಕಣ್ಣು ಮಿಟುಕಿಸದೆ ಕೇಳಿದ. ಮಧ್ಯಾಹ್ನದ ಪಾಠದ ಹೊತ್ತಿಗೆ ಅವನ ಗೊರಕೆಯನ್ನು ಪಾಠ ಮಾಡುವವನು ಕಣ್ಣು ಮಿಟುಕಿಸದೆ ಕೇಳಿದ.

ಬೆಳಗಿನ ಪಾಠ ಮಾತ್ರ ಅವನ ತಲೆಯಲ್ಲಿ ಕಲ್ಲಿನಲ್ಲಿ ಕೆತ್ತಿದಂತೆ ಕೂತಿತು. ಈಗಿನ ಕಾರಿನ ತುಂಬಾ ಸಣ್ಣ ಸಣ್ಣ ಕಂಪ್ಯೂಟರುಗಳಿವೆ. ವೆಲ್ಡಿಂಗಿನ ಕರೆಂಟು ಎಲ್ಲಿಂದ ಹೊರಟಿತೋ ಅಲ್ಲಿಗೆ ವಾಪಸು ಹೋಗಲು ದಾರಿ ಹುಡುಕುತ್ತದೆ. ವಾಪಸು ದಾರಿಯ ವೈರಿನ ಚಿಮಟವನ್ನು, ಅಂದರೆ ಅರ್ತಿಂಗ್ ಕ್ಲ್ಯಾಂಪನ್ನು, ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿದರೆ ತೆಪ್ಪಗೆ ಹೋಗುತ್ತದೆ. ಇಲ್ಲವಾದರೆ ಕುಡುಕ ಮನೆ ಹುಡುಕಿದ ಹಾಗೆ ಸಿಕ್ಕಸಿಕ್ಕವರ ಮನೆಯೊಳಗೆಲ್ಲ ನುಗ್ಗಿ, ಕಂಪ್ಯೂಟರುಗಳ ತಲೆ ಸುಟ್ಟು ಹೋಗುತ್ತದೆ. ಆದ್ದರಿಂದ ಮೊದಲು ಬ್ಯಾಟರಿ ಬಿಚ್ಚಬೇಕು. ಹದಿನೈದು ನಿಮಿಷ ಕಾಯಬೇಕು. ಹತ್ತಿರದ ಕಂಪ್ಯೂಟರ್ ಪೆಟ್ಟಿಗೆ ಕಳಚಬೇಕು. ಕೀಲಿಯೊಳಗೂ ಒಂದು ಚೂರು ಎಲೆಕ್ಟ್ರಾನಿಕ್ಸ್ ಇರುವುದರಿಂದ ಅದನ್ನು ದೂರ ಇಡಬೇಕು.

ಪ್ರಮಾಣಪತ್ರ ಗೋಡೆ ಏರಿ ಮೂರು ತಿಂಗಳಾದರೂ ಒಂದು ಕಾರೂ ಬರಲಿಲ್ಲ. ಕೊನೆಗೆ ಬಂದದ್ದು ಷಡ್ಡಕನ ಕಾರು.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಎರಡು ಬೀದಿ ಆಚೆ ಮನೆ. ಸ್ವಂತ ಕಾರನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುತ್ತಿದ್ದ. ಇಬ್ಬರೂ ಹದಿನೆಂಟು ವರ್ಷಗಳಿಂದ ಮಾತಾಡುತ್ತಿದ್ದದ್ದು ಹೆಂಡತಿಯರ ಮೂಲಕ. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿಯಾಗಿತ್ತು, ರಾಜಿ ಮಾಡಿಸಬಹುದಿತ್ತು.

ಹಿಂದಿನ ದಿನ ಕಾರಿನ ವಾರ್ಷಿಕ ತಪಾಸಣೆಯಲ್ಲಿ ಅಧಿಕಾರಿ ಬಗ್ಗಿ ನೋಡಿ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಅಂಚಿಗೆ, ಅಂದರೆ ಕಾರಿನ ಹೊಸ್ತಿಲಿಗೆ, ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿದ್ದ. ಅದು ಬೆಣ್ಣೆಗೆ ಹೋದಂತೆ ಒಳಗೆ ಹೋಯಿತು. ತುಕ್ಕು ಹಿಡಿದು ಅಂಗೈಯಗಲ ತೂತಾಗಿತ್ತು. "ನಾಳೆ ನಾಲ್ಕು ಗಂಟೆಯೊಳಗೆ ಸರಿ ಮಾಡಿಸಿ ತೋರಿಸಿ. ಇಲ್ಲದಿದ್ದರೆ ಪರವಾನಗಿ ರದ್ದು. ಆಮೇಲೆ ಹೊಸದಾಗಿ ಅರ್ಜಿ, ಎರಡು ತಿಂಗಳು" ಎಂದಿದ್ದ. ಕಂಪನಿಯ ವರ್ಕ್‌ಶಾಪಿನವರು ನಾಲ್ಕು ದಿನ ಕೇಳಿದರು. ಷಡ್ಡಕ ತಲೆ ಮೇಲೆ ಕೈ ಹೊತ್ತು ಕೂತಾಗ ಕಿಡಿಯಣ್ಣನ ಹೆಂಡತಿ ಅಕ್ಕನ ಮುಖ ನೋಡಲಾರದೆ ಬಾಯಿಬಿಟ್ಟಳು: "ನಮ್ಮನೆಯವರು ಮಾಡ್ತಾರೆ. ಗೋಡೆ ಮೇಲೆ ಸರ್ಟಿಫಿಕೇಟೇ ಇದೆ."

ಬೆಳಗ್ಗೆ ಹತ್ತಕ್ಕೆ ಕಾರು ಬಂದು ಅಂಗಡಿಯ ಮುಂದೆ ನಿಂತಿತು. ಷಡ್ಡಕ ಇಳಿದು, ಒರಗಿಸಿಟ್ಟಿದ್ದ ಅರ್ಧಂಬರ್ಧ ಗೇಟುಗಳನ್ನೆಲ್ಲ ಒಂದು ಸುತ್ತು ನೋಡಿದ.

"ಇದು ಗೇಟಲ್ಲ ಕಣಯ್ಯಾ. ಎರಡು ತಿಂಗಳು ಈ ಕಾರು ಮನೆ ಮುಂದೆ ನಿಂತ್ರೆ ನಾನೂ ಅದರ ಪಕ್ಕದಲ್ಲೇ ನಿಲ್ಲಬೇಕಾಗುತ್ತೆ. ಇದರ ಕಂಪ್ಯೂಟರ್‌ಗೇನಾದ್ರೂ ಆದ್ರೆ ಅದೂ ಇಲ್ಲ, ಮಾರಿಬಿಡಬೇಕು."

"ಭಾವ, ಕಂಪ್ಯೂಟರ್ ವಿಷಯ ನನಗೆ ಬಿಡಿ. ಅದಕ್ಕೆ ನಿಯಮ ಇದೆ."

"ಏನು ನಿಯಮ?"

ಬಾಯಿ ಮಾತಲ್ಲಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಷಡ್ಡಕನ ಮುಂದೆ ಅಷ್ಟು ಸಲೀಸಾಗಿ ಮುಗಿಸುವುದಕ್ಕೆ ಕಿಡಿಯಣ್ಣನ ಮನಸ್ಸು ಒಪ್ಪಲಿಲ್ಲ. ಗೇಟಿನ ಅಳತೆ ಬರೆದುಕೊಳ್ಳುವ ಕರಿ ಬಣ್ಣ ಬಳಿದ ತಗಡೊಂದಿತ್ತು. ಅದನ್ನು ಒರೆಸಿ, ಸೀಮೆಸುಣ್ಣದಲ್ಲಿ ದಪ್ಪ ದಪ್ಪ ಅಕ್ಷರ ಬರೆದ. ಅಕ್ಷರ ಎಷ್ಟು ದಪ್ಪವಾಯಿತೆಂದರೆ ಕಾರು ಎಂಬ ಪದಕ್ಕೆ ಜಾಗವೇ ಉಳಿಯಲಿಲ್ಲ. ಕಾರು ಕಣ್ಣೆದುರೇ ಇದೆಯಲ್ಲ, ಬರೆಯುವುದೇನು ಎಂದುಕೊಂಡ. ಬರೆದದ್ದನ್ನು ತಾನು ನೋಡಿಕೊಳ್ಳುವಂತೆ ಒಳಗೆ ತಿರುಗಿಸಿ ಇಟ್ಟನೇ? ಇಲ್ಲ. ಬೀದಿಗೆ ಮುಖ ಮಾಡಿ ಕಂಬಕ್ಕೆ ಕಟ್ಟಿದ.

*ಎಚ್ಚರಿಕೆ. ಇಂದು ಹನ್ನೊಂದಕ್ಕೆ ವೆಲ್ಡಿಂಗ್. ಎಲ್ಲಾ ಬ್ಯಾಟರಿ ಬಿಚ್ಚಿ. ಕಂಪ್ಯೂಟರ್ ಕಳಚಿ. ಕೀಲಿ ದೂರ ಇಡಿ. ಹದಿನೈದು ನಿಮಿಷ ಕಾಯಿರಿ.*

ಆಮೇಲೆ ತನ್ನ ಫೋನು, ಷಡ್ಡಕನ ಫೋನು ಎರಡನ್ನೂ ಹೆಂಡತಿಯ ಕೈಗೆ ಕೊಟ್ಟು ಒಳಗಿಡು ಎಂದ. ಕಾರಿನ ಕೀಲಿಯನ್ನು ಮಾತ್ರ ಯಾರನ್ನೂ ನಂಬದೆ ತಾನೇ ಹಿಡಿದುಕೊಂಡು, ಬೀದಿಯ ಆ ತುದಿಯ ಕ್ಷೌರದಂಗಡಿಗೆ ನಡೆದು, ಅಲ್ಲಿನ ಮೊಳೆಗೆ ತೂಗುಹಾಕಿದ.

"ಇದ್ಯಾಕಣ್ಣ ಇಲ್ಲಿ?" ಅಂದ ಕ್ಷೌರದವನು.

"ಹತ್ತಿರ ಇದ್ರೆ ಸುಟ್ಟು ಹೋಗುತ್ತೆ."

ಇಷ್ಟು ಹೇಳಿ ಕಿಡಿಯಣ್ಣ ಹೊರಟುಬಂದ. ಗಂಭೀರವಾದ ಮನುಷ್ಯ ಹೆಚ್ಚು ವಿವರಿಸುವುದಿಲ್ಲ. ಕ್ಷೌರದವನು ಅರ್ಧ ಬೋಳಿಸಿದ್ದ ಗಿರಾಕಿಯನ್ನು ಹಾಗೇ ಬಿಟ್ಟು, ಅವನ ಹಿಂದೆಯೇ ಬಂದು ಕಂಬದ ತಗಡನ್ನು ಎರಡು ಸಲ ಓದಿದ. ವಾಪಸು ಹೋಗುವಾಗ ದಾರಿಯಲ್ಲಿದ್ದ ಪ್ರತಿ ಬಾಗಿಲಲ್ಲೂ ಒಂದೊಂದು ನಿಮಿಷ ನಿಂತ. ಬೀದಿಯಲ್ಲಿ ಒಟ್ಟು ಇಪ್ಪತ್ತೆರಡು ಬಾಗಿಲು.

ಕಿಡಿಯಣ್ಣ ಇದೊಂದನ್ನೂ ನೋಡಲಿಲ್ಲ. ಅವನು ಕಾರಿನ ಬಾನೆಟ್ ಎತ್ತಿ ಬ್ಯಾಟರಿಯ ಎರಡೂ ವೈರು ಬಿಚ್ಚಿ, ತುದಿಗಳಿಗೆ ಬಟ್ಟೆ ಸುತ್ತಿ, ಒಂದನ್ನೊಂದು ಮುಟ್ಟದಂತೆ ಆ ಕಡೆ ಈ ಕಡೆ ಕಟ್ಟಿದ. ಸೀಟಿನ ಕೆಳಗಿನ ಹಾಸು ಎತ್ತಿ, ಹೊಸ್ತಿಲಿನ ಒಳಗೆ ಹಾದುಹೋಗಿದ್ದ ವೈರುಗಳ ಕಂತೆಯನ್ನು ಮಗುವನ್ನು ಎತ್ತಿದಂತೆ ಎತ್ತಿ ಪಕ್ಕಕ್ಕೆ ಸರಿಸಿದ.

"ಇಲ್ಲಿ ಏರ್‌ಬ್ಯಾಗ್‌ನ ಪೆಟ್ಟಿಗೆ ಇದೆ ಭಾವ. ಬ್ಯಾಟರಿ ಬಿಚ್ಚಿದ ಮೇಲೂ ಅದರೊಳಗೆ ಸ್ವಲ್ಪ ಕರೆಂಟು ಕೂತಿರುತ್ತೆ. ಹದಿನೈದು ನಿಮಿಷ ಆಗೋ ಮುಂಚೆ ಕೈ ಹಾಕಿದ್ರೆ ಬಲೂನು ಢಂ ಅಂತ ಮುಖಕ್ಕೆ ಬಡಿಯುತ್ತೆ. ಲೇ, ಟೈಮ್ ಎಷ್ಟು ನೋಡೇ!"

ಹೆಂಡತಿ ಒಳಗಿಂದ ಬಂದಳು. "ಹೆಂಗ್ರೀ ನೋಡ್ಲಿ? ಗಡಿಯಾರದ ಬ್ಯಾಟರಿ ಬಿಚ್ಚಿದೀನಿ."

"ಯಾಕೆ ಬಿಚ್ಚಿದೆ?"

"ನೀವೇ ಬರೆದಿದ್ದೀರಲ್ಲ, ಎಲ್ಲಾ ಬ್ಯಾಟರಿ ಅಂತ."

"ಫೋನಲ್ಲಿ ನೋಡು!"

"ಫೋನು ಆಫ್ ಮಾಡಿ ಕಬ್ಬಿಣದ ಪೆಟ್ಟಿಗೇಲಿ ಹಾಕಿ ಬೀಗ ಜಡಿದಿದೀನಿ. ಕೀಲಿ ದೂರ ಇಡಿ ಅಂತಿತ್ತಲ್ಲ, ಹಾಲಿನವರ ಕೈಲಿ ಅಕ್ಕನ ಮನೆಗೆ ಕಳಿಸಿಬಿಟ್ಟೆ."

ಕಿಡಿಯಣ್ಣನಿಗೆ ಬೈಯಬೇಕೆನಿಸಿತು. ಆದರೆ ಷಡ್ಡಕ ನೋಡುತ್ತಿದ್ದ. ನಿಯಮ ಮಾಡಿದವನೇ ನಿಯಮ ಪಾಲಿಸಿದವರನ್ನು ಬೈದರೆ ಏನು ಶೋಭೆ? ಎದುರಿನ ಟೈಲರಮ್ಮನ ಅಂಗಡಿಯ ಗೋಡೆ ಗಡಿಯಾರದ ಕಡೆ ಕಣ್ಣು ಹಾಯಿಸಿದ. ಹತ್ತು ನಲವತ್ತರಲ್ಲಿ ನಿಂತಿತ್ತು. ಅದರ ಪಕ್ಕದ ಅಂಗಡಿಯದ್ದು ಹತ್ತು ನಲವತ್ತೆರಡರಲ್ಲಿ ನಿಂತಿತ್ತು. ಕಾಲ ಬೀದಿಯ ಈ ತುದಿಯಿಂದ ಆ ತುದಿಗೆ, ಕ್ಷೌರದವನ ಹಿಂದೆ ಹಿಂದೆಯೇ ನಡೆದು ನಿಂತುಹೋಗಿತ್ತು.

"ಎಣಿಸ್ತೀನಿ" ಅಂದ ಕಿಡಿಯಣ್ಣ. "ನಿಮಿಷಕ್ಕೆ ಅರವತ್ತು. ಹದಿನೈದು ನಿಮಿಷಕ್ಕೆ ಒಂಬೈನೂರು. ಯಾರೂ ಮಾತಾಡಿಸಬೇಡಿ."

ಮುಂಗೋಪಿಯೊಬ್ಬ ಒಂಬೈನೂರರವರೆಗೆ ಎಣಿಸುವುದೆಂದರೆ ಸಣ್ಣ ತಪಸ್ಸಲ್ಲ. ಇನ್ನೂರ ಹನ್ನೆರಡಕ್ಕೆ ಬಂದಾಗ ಟೈಲರಮ್ಮ ಬೀದಿ ದಾಟಿ ಬಂದಳು. ಅವಳ ಹತ್ತಿರ ಕಸೂತಿ ಹಾಕುವ ಹೊಸ ಯಂತ್ರವಿತ್ತು, ಅದಕ್ಕೊಂದು ಪರದೆಯಿತ್ತು.

"ಅಣ್ಣಾ, ಅದರ ಕಂಪ್ಯೂಟರ್ ಕಳಚಕ್ಕೆ ಹದಿನೆಂಟು ಸ್ಕ್ರೂ ಬಿಚ್ಚಿದೆ. ಇನ್ನೂ ಬರ್ತಿಲ್ಲ. ಎಳೀಲಾ?"

"ಇನ್ನೂರ ಹದಿಮೂ... ಯಾವ ಕಂಪ್ಯೂಟ್ರು? ನಿಮ್ಮ ಯಂತ್ರಕ್ಕೂ ನನ್ನ ವೆಲ್ಡಿಂಗಿಗೂ ಏನಮ್ಮಾ ಸಂಬಂಧ?"

"ನೀವೇ ಹೆದರಿಸಿ ನೀವೇ ಸಂಬಂಧ ಕೇಳ್ತೀರಲ್ಲ! ಸುಟ್ಟು ಹೋದ್ರೆ ನೀವು ತಂದು ಕೊಡ್ತೀರಾ? ಹಂಗಂತ ಬರೆದು ಕೊಡಿ, ಈಗಲೇ ಹದಿನೆಂಟು ಸ್ಕ್ರೂ ವಾಪಸು ಹಾಕ್ತೀನಿ."

ಬರೆದು ಕೊಡುವ ಮಾತು ಬಂದ ಕೂಡಲೇ ಕಿಡಿಯಣ್ಣ ತಣ್ಣಗಾದ. "ಬಿಚ್ಚಿಟ್ಟೇ ಇರಿ" ಅಂದ. ಹೀಗೆ ಹೇಳಿದ್ದರಿಂದ ಬೀದಿಯ ಉಳಿದ ಅನುಮಾನಗಳೂ ಪರಿಹಾರವಾದವು.

ಮತ್ತೆ ಒಂದರಿಂದ ಶುರು. ಮುನ್ನೂರ ನಲವತ್ತಕ್ಕೆ ಪಕ್ಕದ ಮನೆಯ ತಾತ ಬಂದರು. ಅಂಗೈಯಲ್ಲಿ ಕಿವಿಗೆ ಹಾಕುವ ಯಂತ್ರ ಹಿಡಿದಿದ್ದರು.

"ಇದರದ್ದೂ ಬಿಚ್ಚಬೇಕಾ ಮಗಾ?"

"ಬೇಡ ತಾತಾ, ಹಾಕ್ಕೊಳ್ಳಿ!"

"ಹಾಂ?"

"ಬಿಚ್ಚಬೇಡಿ ಅಂದೆ!"

"ಬಿಚ್ಚಿದೀನಿ, ಬಿಚ್ಚಿದೀನಿ. ಅಷ್ಟು ಕೋಪ ಮಾಡ್ಕೋಬೇಡ" ಎಂದು ತಾತ ಅಂಗೈ ಮುಚ್ಚಿಕೊಂಡು ಜಗಲಿಯ ಮೇಲೆ ಕೂತರು. ಮುಂದೇನು ನಡೆಯುತ್ತದೋ ನೋಡುವ ಉತ್ಸಾಹ ಅವರ ಮುಖದಲ್ಲಿ ತುಂಬಿ ತುಳುಕುತ್ತಿತ್ತು.

ಮೂರನೆಯ ಸಲ ಆರುನೂರು ದಾಟಿತು. ಆಗ ಷಡ್ಡಕ ಕೇಳಿದ: "ಎಷ್ಟಾಯ್ತು?"

ಅರೆಬೆಸೆದ ಗೇಟುಗಳು ನಡುಗುವಂತೆ ಕಿಡಿಯಣ್ಣ ಒಮ್ಮೆ ಅರಚಿದ. ಅರಚಿ, ಕಾರಿನೊಳಗೆ ಹೋಗಿ ಕೂತು, ನಾಲ್ಕೂ ಬಾಗಿಲು ಹಾಕಿಕೊಂಡ. ಗಾಜು ಏರಿಸಿಯೇ ಇತ್ತು. ಒಳಗೆ ಕುಲುಮೆಯಂಥ ಸೆಕೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಅವನು ಎಣಿಸಿದ. ನಾನೂರರ ಹೊತ್ತಿಗೆ ಷಡ್ಡಕ ಹೊರಗಿನಿಂದ ಗಾಜು ಬಡಿಯತೊಡಗಿದ. ಕಿಡಿಯಣ್ಣ ಕಣ್ಣು ಮುಚ್ಚಿಕೊಂಡ. ಏಳುನೂರರ ಹೊತ್ತಿಗೆ ಹೆಂಡತಿಯೂ ಬಂದು ಎರಡೂ ಕೈಯಿಂದ ಬಡಿದಳು, ಏನೋ ಕೂಗಿದಳು, ಮೇಲೆ ಬೆರಳು ತೋರಿಸಿದಳು. ಅವನು ಬೆನ್ನು ತಿರುಗಿಸಿ ಕೂತ. ಒಂಬೈನೂರು ಮುಗಿಯಿತು. ಬಾಗಿಲು ತೆರೆದು, ಗೆದ್ದವನಂತೆ ಇಳಿದು, ಏರ್‌ಬ್ಯಾಗ್ ಪೆಟ್ಟಿಗೆಯ ಜೋಡಣೆ ಕಳಚಿ ಪಕ್ಕಕ್ಕಿಟ್ಟ. ಬಲೂನು ಹೊಡೆಯಲಿಲ್ಲ. ತೂತಿನ ಸುತ್ತ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಕತ್ತರಿಸಿಟ್ಟ ತಗಡಿನ ತುಂಡನ್ನು ಕೂರಿಸಿ, ಅದರಿಂದ ಒಂದು ಗೇಣು ದೂರದಲ್ಲಿ ಅರ್ತಿಂಗ್ ಕ್ಲ್ಯಾಂಪ್ ಕಚ್ಚಿಸಿ, ಮುಖವಾಡ ಇಳಿಸಿ ಯಂತ್ರದ ಗುಂಡಿ ಒತ್ತಿದ.

ಯಂತ್ರ ತುಟಿಪಿಟಕ್ಕೆನ್ನಲಿಲ್ಲ.

"ಅದನ್ನೇ ಕಣಯ್ಯಾ ಬಡ್ಕೊಂಡಿದ್ದು!" ಅಂದ ಷಡ್ಡಕ. "ಕರೆಂಟ್ ತೆಗೆದುಬಿಟ್ಟ!"

ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಕಂಬದಿಂದ ಲೈನ್‌ಮ್ಯಾನ್ ಇಳಿಯುತ್ತಿದ್ದ. ಕ್ಷೌರದವನು ಅವನ ಏಣಿ ಹಿಡಿದುಕೊಂಡಿದ್ದ. ಇಬ್ಬರ ಮುಖದಲ್ಲೂ ದೊಡ್ಡ ಅನಾಹುತ ತಪ್ಪಿಸಿದವರ ಕಳೆಯಿತ್ತು.

"ಯಾರನ್ನ ಕೇಳಿ ತೆಗೆದೆ?" ಎಂದು ಕಿಡಿಯಣ್ಣ ಮುಖವಾಡ ಎತ್ತಿಕೊಂಡೇ ಓಡಿದ.

ಲೈನ್‌ಮ್ಯಾನ್ ನಿಧಾನದ ಮನುಷ್ಯ. ದಿನವೂ ಕರೆಂಟಿನ ಜೊತೆ ಇರುವವರು ಅವಸರ ಮಾಡುವುದಿಲ್ಲ, ಮಾಡಿದವರು ಈಗಿಲ್ಲ. "ಈಗಿನ ಮೀಟರುಗಳೊಳಗೂ ಕಂಪ್ಯೂಟರ್ ಇದೆ ಸ್ವಾಮಿ. ಇಪ್ಪತ್ತೆರಡು ಮೀಟರು. ಅವು ಇಲಾಖೆಯ ಆಸ್ತಿ. ನಿಮ್ಮ ವೆಲ್ಡಿಂಗಿಗೆ ಸುಟ್ಟುಹೋದ್ರೆ ಉತ್ತರ ಹೇಳೋನು ನಾನು. ಇವರು ಬಂದು ಹೇಳಿದ್ರು, ನಾನು ಬಂದು ಬೋರ್ಡ್ ಓದಿದೆ, ತೆಗೆದೆ. ನೀವು ಆರಾಮಾಗಿ ವೆಲ್ಡಿಂಗ್ ಮುಗಿಸ್ಕೊಳ್ಳಿ."

"ಕರೆಂಟ್ ಇಲ್ಲದೆ ಹೆಂಗಯ್ಯಾ ವೆಲ್ಡಿಂಗ್ ಮಾಡ್ಲಿ? ಬಾಯಲ್ಲಿ ಊದ್ಲಾ?"

"ಅದು ನಿಮ್ಮ ಕೆಲಸ."

"ಹಾಕು ವಾಪಸು!"

"ಹಾಕ್ತೀನಿ." ಲೈನ್‌ಮ್ಯಾನ್ ಚೀಲದಿಂದ ಒಂದು ಪುಸ್ತಕ ತೆಗೆದ. "ಯಾರ ಕೆಲಸಕ್ಕೆ ಲೈನ್ ತೆಗೆದಿದೀವೋ ಅವರು 'ಕೆಲಸ ಮುಗಿದಿದೆ' ಅಂತ ಬರೆದು ರುಜು ಹಾಕಬೇಕು. ಅದಾಗದೆ ನಾನು ಕಂಬ ಮುಟ್ಟಂಗಿಲ್ಲ."

"ಕೆಲಸ ಶುರುವೇ ಆಗಿಲ್ಲ!"

"ಹಂಗಾದ್ರೆ ಕಾಯ್ತೀನಿ."

"ಕರೆಂಟ್ ಬಂದ್ರೆ ತಾನೇ ಶುರು ಆಗೋದು?"

"ಮುಗಿದ್ರೆ ತಾನೇ ಕರೆಂಟು ಬರೋದು?"

ಇಬ್ಬರ ಮಾತೂ ಸರಿಯಿತ್ತು. ಎರಡು ಸರಿಯಾದ ಮಾತುಗಳ ನಡುವೆ ಷಡ್ಡಕನ ಪರವಾನಗಿ ನಿಂತಿತ್ತು. ಗಂಟೆಯೆಷ್ಟೆಂದು ಬೀದಿಯಲ್ಲಿ ಒಬ್ಬರಿಗೂ ತಿಳಿಯದು. ಕ್ಷೌರದವನು ಒಂದು ಎಂದ. ಟೈಲರಮ್ಮ ಎರಡೂವರೆ ಎಂದಳು. ಷಡ್ಡಕನ ಹೊಟ್ಟೆ ಮೂರು ಎಂದಿತು.

"ಹಾಕಯ್ಯಾ ರುಜು" ಎಂದ ಷಡ್ಡಕ.

"ಮಾಡದೇ ಇರೋ ಕೆಲಸಕ್ಕೆ ಮುಗಿದಿದೆ ಅಂತ ನಾನು ಇಪ್ಪತ್ತಾರು ವರ್ಷದಲ್ಲಿ ಹೇಳಿಲ್ಲ ಭಾವ."

"ಇಪ್ಪತ್ತಾರು ವರ್ಷ ನೀನು ಯಾರ ಕೆಲಸಾನೂ ಹೇಳಿದ ದಿನ ಮುಗಿಸಿಲ್ಲ, ಹಂಗಾಗಿ ಹೇಳೋ ಪ್ರಮೇಯ ಬಂದಿಲ್ಲ!"

ಕಿಡಿಯಣ್ಣನ ಕಿವಿ ಕೆಂಪಾಯಿತು. ಇನ್ನೊಂದು ಮಾತು ಬಿದ್ದಿದ್ದರೆ ಕಾರು, ಪರವಾನಗಿ, ಸಂಬಂಧ ಮೂರೂ ಅಲ್ಲೇ ಬೀದಿಯಲ್ಲಿ ಚೂರಾಗುತ್ತಿದ್ದವು. ಅಷ್ಟರಲ್ಲಿ ಹೆಂಡತಿ ನಡುವೆ ಬಂದು, ಪೆನ್ನಿನ ಕ್ಯಾಪು ತೆಗೆದು, ಅವನ ಕೈಗೆ ಹಿಡಿಸಿದಳು. ಅವಳ ಮುಖ ನೋಡಿದ. ಅಕ್ಕನಿಗೆ ಮಾತು ಕೊಟ್ಟವಳು ಅವಳು. ಕೆಲಸ ಮುಗಿದಿದೆ ಎಂದು ಬರೆದು, ಕಾಗದ ಹರಿಯುವಷ್ಟು ಒತ್ತಿ ರುಜು ಹಾಕಿದ.

ಲೈನ್‌ಮ್ಯಾನ್ ಮೇಲೆ ಹತ್ತಿದ. ಕ್ಷೌರದವನು, "ಮುಗೀತಂತೆ! ಎಲ್ಲಾ ಹಾಕ್ಕೊಳ್ಳಿ!" ಎಂದು ಬೀದಿ ಉದ್ದಕ್ಕೂ ಸಾರಿಕೊಂಡು ಹೋದ. ಟಿವಿಗಳು ಹೊತ್ತಿಕೊಂಡವು. ಟೈಲರಮ್ಮ ಹದಿನೆಂಟು ಸ್ಕ್ರೂಗಳಲ್ಲಿ ಸಿಕ್ಕ ಹದಿನಾರನ್ನು ಹಾಕಿ ಯಂತ್ರ ಶುರು ಮಾಡಿದಳು. ಆಗ ಕಿಡಿಯಣ್ಣ ಮುಖವಾಡ ಇಳಿಸಿ ವೆಲ್ಡಿಂಗ್ ಶುರು ಮಾಡಿದ.

ನೀಲಿ ಬೆಳಕು ಎದುರು ಗೋಡೆಗೆ ಬಡಿದದ್ದೇ ತಡ, ಟೈಲರಮ್ಮ ಕಿಟಾರನೆ ಕಿರುಚಿ ಯಂತ್ರವನ್ನು ತಬ್ಬಿಕೊಂಡಳು. ಕ್ಷೌರದವನು ಕೈಲಿದ್ದ ಟ್ರಿಮ್ಮರನ್ನು ಬೀದಿಗೆ ಎಸೆದ. ಒಂದಿಬ್ಬರು ಟಿವಿಯ ಮುಂದೆ ಅಡ್ಡ ನಿಂತರು. ಕಿಡಿಯಣ್ಣ ಮಾತ್ರ ಅಲ್ಲಿಷ್ಟು ಇಲ್ಲಿಷ್ಟು ಚುಕ್ಕಿ ಚುಕ್ಕಿಯಾಗಿ ಬೆಸೆಯುತ್ತಿದ್ದ. ತೆಳು ತಗಡು. ಒಂದೇ ಕಡೆ ನಿಂತರೆ ಸುಟ್ಟು ಇನ್ನೊಂದು ತೂತಾಗುತ್ತದೆ. ಒಂದು ಚುಕ್ಕಿ ಹಾಕುವುದು, ಆರಲು ಬಿಡುವುದು, ಎದುರು ಮೂಲೆಯಲ್ಲಿ ಇನ್ನೊಂದು ಹಾಕುವುದು. ಟಿವಿಯಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು, ಹೇಳುತ್ತಲೇ ಇದ್ದರು. ಕಸೂತಿ ಯಂತ್ರ ತನ್ನ ಪಾಡಿಗೆ ಹೂವು ಹಾಕುತ್ತಿತ್ತು.

ಸ್ವಲ್ಪ ಹೊತ್ತಿಗೆ ಬೀದಿ ಅಂಗಡಿಯ ಮುಂದೆ ಸೇರಿತು.

"ಏನೂ ಆಗ್ಲಿಲ್ವಲ್ಲ" ಅಂದ ಕ್ಷೌರದವನು. ದನಿಯಲ್ಲಿ ನಿರಾಸೆಯಿತ್ತು.

"ಏನೂ ಆಗದೇ ಇರೋದಾದ್ರೆ ನನ್ನ ಕೈಲಿ ಸ್ಕ್ರೂ ಬಿಚ್ಚಿಸಿದ್ದು ಯಾಕೆ?" ಅಂದಳು ಟೈಲರಮ್ಮ. "ಇನ್ನೆರಡು ಸ್ಕ್ರೂ ಎಲ್ಲಿ ಹೋಯ್ತು? ಅದನ್ನ ಹೇಳಿ ಮೊದ್ಲು."

ಜಗಲಿಯ ಮೇಲಿನ ತಾತ ಮಾತ್ರ ಪೂರ್ತಿ ತೃಪ್ತರಾಗಿದ್ದರು. "ಒಂಚೂರೂ ಸದ್ದಿಲ್ಲದಂಗೆ ವೆಲ್ಡಿಂಗ್ ಮಾಡ್ದ ನೋಡಿ. ಇದಕ್ಕೇ ಸರ್ಟಿಫಿಕೇಟ್ ಅನ್ನೋದು" ಎಂದರು.

ತೇಪೆ ಆರಿತು. ಕಿಡಿಯಣ್ಣ ಅಂಚನ್ನು ಉಜ್ಜಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದು, ವೈರು ಮೊದಲಿನ ಜಾಗಕ್ಕೆ ಕೂರಿಸಿ, ಪೆಟ್ಟಿಗೆ ಜೋಡಿಸಿ, ಕೊನೆಗೆ ಬ್ಯಾಟರಿ ಹಾಕಿದ. ಕ್ಷೌರದಂಗಡಿಯ ಮೊಳೆಯಿಂದ ಕೀಲಿ ಬಂತು. ಷಡ್ಡಕ ಕಾರು ಹತ್ತಿ ಕೀಲಿ ತಿರುಗಿಸಿದ. ಮುಂದಿನ ಫಲಕದಲ್ಲಿ ಹಳದಿ, ಕೆಂಪು, ಇದ್ದಬದ್ದ ದೀಪಗಳೆಲ್ಲ ಹೊತ್ತಿಕೊಂಡವು. ಗಡಿಯಾರ ಹನ್ನೆರಡು ಎಂದಿತು. ರೇಡಿಯೋ ತನಗೆ ಗುಪ್ತ ಸಂಖ್ಯೆ ಹೇಳಿದರೆ ಮಾತ್ರ ಬಾಯಿ ಬಿಡುತ್ತೇನೆ ಎಂದಿತು.

"ಸುಟ್ಟೆ" ಅಂದ ಷಡ್ಡಕ, ಮೆಲ್ಲಗೆ. "ನನ್ನ ಕಾರು ಸುಟ್ಟೆ."

ಮಧ್ಯಾಹ್ನದ ಪಾಠದಲ್ಲಿ ಇದರ ಬಗ್ಗೆ ಏನೋ ಹೇಳಿರಲೇಬೇಕು. ಎಷ್ಟು ನೆನಪಿಸಿಕೊಂಡರೂ ಕಿಡಿಯಣ್ಣನಿಗೆ ಊಟದ ಬಾಳೆಹಣ್ಣು ಮಾತ್ರ ನೆನಪಿಗೆ ಬಂತು. ಷಡ್ಡಕ ದಿಕ್ಕು ತೋಚದೆ ಸ್ಟೀರಿಂಗನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದ. ಎಂಜಿನ್ ಶುರು ಮಾಡಿದ. ಶುರುವಾಯಿತು. ದೀಪಗಳು ಒಂದೊಂದಾಗಿ ಆರಿದವು. ಇಬ್ಬರೂ ತಪಾಸಣೆ ಕಚೇರಿಗೆ ಹೋದರು.

ಕಚೇರಿಯ ಗೋಡೆಯ ಮೇಲೆ ಓಡುತ್ತಿರುವ ಗಡಿಯಾರವೊಂದಿತ್ತು. ಎರಡಕ್ಕೆ ಹತ್ತು ನಿಮಿಷ. ಷಡ್ಡಕ ಅದನ್ನು ದೇವರ ಪಟದಂತೆ ನೋಡಿದ.

ಅಧಿಕಾರಿ ಅದೇ ಸ್ಕ್ರೂಡ್ರೈವರ್ ತಂದು ಹೊಸ್ತಿಲಿಗೆ ಚುಚ್ಚಿದ. ಟಣ್ ಎಂದಿತು. ಇನ್ನೊಂದು ಕಡೆ ಚುಚ್ಚಿದ. ಟಣ್. ಮೂರನೆಯ ಸಲ ಬಲ ಹಾಕಿ ಚುಚ್ಚಿ, ತನ್ನ ಮಣಿಕಟ್ಟನ್ನೇ ನೀವಿಕೊಂಡ. "ಬೆಸುಗೆ ಚೆನ್ನಾಗಿದೆ. ಯಾರು ಮಾಡಿದ್ದು?"

ಕಿಡಿಯಣ್ಣ ಎದೆ ಮುಂದೆ ಮಾಡಿದ.

ಅಧಿಕಾರಿ ತನ್ನ ಯಂತ್ರವನ್ನು ಕಾರಿಗೆ ಸಿಕ್ಕಿಸಿ ಪರದೆ ನೋಡಿದ. ಹುಬ್ಬು ಗಂಟಿಕ್ಕಿದ. "ಬ್ಯಾಟರಿ ಬಿಚ್ಚಿದ್ರಾ?"

"ಎರಡೂ ಕಡೆ ಬಿಚ್ಚಿದೆ ಸ್ವಾಮಿ, ನಿಯಮದ ಪ್ರಕಾರ!"

"ಒಳ್ಳೇದೇ ಮಾಡಿದ್ರಿ. ಒಂದು ಕಂಪ್ಯೂಟರೂ ಹಾಳಾಗಿಲ್ಲ. ಆದ್ರೆ ಈ ಕಾರಿಗೆ ಈಗ ಏನೂ ನೆನಪಿಲ್ಲ. ಹೊಗೆಯ ಲೆಕ್ಕ ಅದು ತಾನೇ ನೋಡಿಕೊಂಡು ನನಗೆ ಹೇಳಬೇಕು. ಓಡಿಸದೆ ಹೇಳಲ್ಲ. ಒಂದು ಅರವತ್ತು ಕಿಲೋಮೀಟರ್ ಓಡಿಸ್ಕೊಂಡು ಬನ್ನಿ. ಸ್ವಲ್ಪ ಜೋರಾಗಿ, ಸ್ವಲ್ಪ ನಿಧಾನವಾಗಿ. ನಾಲ್ಕಕ್ಕೆ ಬಾಗಿಲು ಹಾಕ್ತೀವಿ."

ಷಡ್ಡಕ ಓಡಿಹೋಗಿ ಕಾರು ಹತ್ತಿದ. ಕಿಡಿಯಣ್ಣ ನಡೆದುಕೊಂಡೇ ಮನೆಗೆ ಹೋಗಬಹುದಿತ್ತು. ಆದರೆ ದಾರಿಯಲ್ಲಿ ದೀಪ ಹೊತ್ತಿಕೊಂಡರೆ? ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತ.

ಊರ ಹೊರಗಿನ ವರ್ತುಲ ರಸ್ತೆ ಒಂದು ಸುತ್ತಿಗೆ ಇಪ್ಪತ್ತು ಕಿಲೋಮೀಟರ್. ಮೊದಲ ಸುತ್ತು ಇಬ್ಬರೂ ರಸ್ತೆ ನೋಡಿದರು. ಬೇರೆ ದಿನವಾಗಿದ್ದರೆ ಷಡ್ಡಕ ರೇಡಿಯೋ ಹಾಕಿಬಿಡುತ್ತಿದ್ದ. ಅದರ ಗುಪ್ತ ಸಂಖ್ಯೆ ಇಬ್ಬರಿಗೂ ಗೊತ್ತಿರಲಿಲ್ಲ. ಫೋನು ಪೆಟ್ಟಿಗೆಯಲ್ಲಿತ್ತು. ಎರಡನೆಯ ಸುತ್ತಿನಲ್ಲಿ ಷಡ್ಡಕ ಕೆಮ್ಮಿದ.

"ನಮ್ಮನೆ ಗೇಟು ನೆಲಕ್ಕೆ ಉಜ್ಜುತ್ತೆ" ಅಂದ.

"ಯಾವ ಗೇಟು?"

"ನೀನು ಮಾಡಿಕೊಟ್ಟಿದ್ದೇ."

"ಎಷ್ಟು ದಿನದಿಂದ?"

"ಹಾಕಿದ ದಿನದಿಂದ. ಹದಿನೆಂಟು ವರ್ಷ ಆಯ್ತು. ದಿನಾ ಎತ್ತಿ ಎತ್ತಿ ತೆಗೀತೀನಿ. ನನ್ನ ಸೊಂಟ ಹೋಗಿದ್ದು ಕಾರು ಓಡಿಸಿ ಅಲ್ಲ ಕಣಯ್ಯಾ, ಅದನ್ನೆತ್ತಿ."

"ಹದಿನೆಂಟು ವರ್ಷ ಯಾಕೆ ಹೇಳ್ಲಿಲ್ಲ ಭಾವ?"

"ನೀನು ಕೋಪ ಮಾಡ್ಕೋತೀಯಾ ಅಂತ."

"ನಾನ್ಯಾಕೆ ಕೋಪ ಮಾಡ್ಕೊಳ್ಲಿ!" ಎಂದು ಕಿಡಿಯಣ್ಣ ಗಾಜು ಅದುರುವಂತೆ ಗುಡುಗಿದ. "ಯಾವನು ಹೇಳಿದ್ದು ನಾನು ಕೋಪ ಮಾಡ್ಕೋತೀನಿ ಅಂತ? ಹೆಸರು ಹೇಳಿ!"

ಷಡ್ಡಕನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ಕಿಡಿಯಣ್ಣ ಬಗ್ಗಿ ನೋಡಿದ. ನಗುತ್ತಿದ್ದ. ಹದಿನೆಂಟು ವರ್ಷದಲ್ಲಿ ಅವನ ಹಲ್ಲುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮೂರನೆಯ ಸುತ್ತಿನಲ್ಲಿ ಗೇಟಿನ ವಿಷಯ ಮುಗಿದು ಅತ್ತೆಮಾವಂದಿರ ವಿಷಯಕ್ಕೆ ಬಂದಿದ್ದರು. ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ನಾಲ್ಕಕ್ಕೆ ಹನ್ನೆರಡು ನಿಮಿಷವಿರುವಾಗ ಅಧಿಕಾರಿ ಮತ್ತೆ ಯಂತ್ರ ಸಿಕ್ಕಿಸಿ, "ಎಲ್ಲಾ ನೆನಪು ಬಂದಿದೆ" ಎಂದು ಮುದ್ರೆ ಒತ್ತಿದ.

ಕಾರು ಷಡ್ಡಕನ ಮನೆಯ ಮುಂದೆ ನಿಂತಾಗ ಅತ್ತಿಗೆ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಅವಳ ಕೈಯಲ್ಲಿ ತಂಗಿಯ ಪೆಟ್ಟಿಗೆಯ ಕೀಲಿ ಇತ್ತು. ಮುದ್ರೆಯ ಕಾಗದವನ್ನು ಗಂಡ ಮೇಲೆತ್ತಿ ತೋರಿಸಿದ ಮೇಲೆಯೇ ಅವಳು ಉಸಿರು ಬಿಟ್ಟದ್ದು. ಕಿಡಿಯಣ್ಣ ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. ಗೇಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಕೆಳಗೆ ನೆಲದಲ್ಲಿ ಹದಿನೆಂಟು ವರ್ಷ ಕೊರೆದುಹೋಗಿದ್ದ ಅರ್ಧಚಂದ್ರದ ಗೀರನ್ನು ಬೆರಳಿನಿಂದ ಮುಟ್ಟಿ ನೋಡಿದ. ಎರಡು ಬೆರಳಷ್ಟು ಎತ್ತರಿಸಬೇಕು. ಕೀಲು ಕತ್ತರಿಸಿ ಮತ್ತೆ ಬೆಸೆದರಾಯಿತು.

"ಅತ್ತಿಗೆ, ಯಂತ್ರ ತರ್ತೀನಿ. ಒಂದು ವೈರು ಎಳ್ಕೊಳ್ಳಕ್ಕೆ ಕರೆಂಟ್ ಬೇಕು" ಅಂದ. ಆಮೇಲೆ ಬೀದಿಯ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದ. "ಯಾರಿಗೂ ಹೇಳಬೇಡಿ."